ರೋಗ ಬರುವುದು ಆಷಾಢದಲ್ಲಿ, ಹಣ ಬರುವುದು ಮಾರ್ಚ್‌ನಲ್ಲಿ: ಸಂಶೋಧನೆಯ ಹಣದ ಬಗ್ಗೆ ಒಂದು ಬಹಿರಂಗ ಪತ್ರ

ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ, ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಸಿಂಡಿಕೇಟ್ ಸದಸ್ಯರಿಗೆ,

ಮಾನ್ಯರೇ,

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ 29 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಆ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಕುಲಪತಿಗಳೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ಪತ್ರವನ್ನು ಮಡಿಸಿಡುತ್ತಾರೆ. ಇಲ್ಲಿರುವ ಸಂಗತಿಗಳನ್ನು ಬೇರೆ ಬೇರೆ ವಿಶ್ವವಿದ್ಯಾಲಯಗಳ ಗೆಳೆಯರ ಅನುಭವದೊಂದಿಗೆ ಹೋಲಿಸಿ ನೋಡಿದ್ದೇನೆ. ತಮ್ಮಲ್ಲಿ ಹೀಗಿಲ್ಲ ಎಂದವರು ಇಬ್ಬರೇ. ಅವರಿಬ್ಬರೂ ಆಗ ಸಂಶೋಧನಾ ನಿರ್ದೇಶಕರ ಕುರ್ಚಿಯಲ್ಲಿದ್ದರು.

2022ರ ಆಗಸ್ಟ್‌ನ ಒಂದು ಬೆಳಿಗ್ಗೆ ಮಲೆನಾಡಿನ ರೈತರೊಬ್ಬರು ರಾತ್ರಿ ಬಸ್ಸು ಹಿಡಿದು ನಮ್ಮ ವಿಭಾಗಕ್ಕೆ ಬಂದರು. ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಅಡಿಕೆ ಸೋಗೆಯ ತುಂಡುಗಳು. ಮೇಜಿನ ಮೇಲೆ ಬಿಡಿಸಿಟ್ಟರು. ಕಂದು ಚುಕ್ಕೆ, ಚುಕ್ಕೆಯ ಸುತ್ತ ಹಳದಿ ಅಂಚು, ಕೆಲವು ಕಡೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯೇ ಸುಟ್ಟಂತೆ ಕಾಣುತ್ತಿತ್ತು. ಎಲೆಯಿಂದ ಸೋರಿದ ನೀರು ಪಕ್ಕದಲ್ಲಿದ್ದ ಉತ್ತರ ಪತ್ರಿಕೆಗಳನ್ನು ತೋಯಿಸಿತು. ಅವರು ಗಾಬರಿಯಾಗಿ ಹೆಗಲ ಮೇಲಿನ ಟವೆಲಿನಿಂದ ಒರೆಸಿದರು.

ಎಲೆಚುಕ್ಕೆ ರೋಗದ ಸುದ್ದಿ ಆಗ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಔಷಧಿ ಕೇಳಲು ಬಂದಿದ್ದಾರೆ ಎಂದುಕೊಂಡು ನಾನು ಶಿಲೀಂಧ್ರ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಮಾತು ತೆಗೆದೆ. ಅವರು ತಡೆದರು. ಔಷಧಿ ಯಾವುದೆಂದು ತೋಟಗಾರಿಕೆ ಇಲಾಖೆಯವರು ಹೇಳಿದ್ದಾರೆ, ಹೊಡೆದದ್ದೂ ಆಗಿದೆ ಎಂದರು. ಅವರಿಗೆ ಬೇಕಾಗಿದ್ದದ್ದು ಬೇರೆ. “ಮಳೆ ನಿಂತ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಮೇಡಂ? ಬೇಸಿಗೆಯಲ್ಲಿ ಎಲ್ಲೋ ಮಲಗಿರಬೇಕಲ್ಲ? ಉದುರಿದ ಸೋಗೆಯಲ್ಲೋ, ಬೇಲಿಯ ಗಿಡದಲ್ಲೋ? ಮಲಗಿದಾಗಲೇ ಹಿಡಿದರೆ ಆಗುವುದಿಲ್ಲವೇ?”

ಪಿಎಚ್.ಡಿ. ಮೌಖಿಕ ಪರೀಕ್ಷೆಗಳಲ್ಲಿ ಕುಳಿತು ನೂರಾರು ಪ್ರಶ್ನೆಗಳನ್ನು ಕೇಳಿದ್ದೇನೆ, ಕೇಳಿಸಿಕೊಂಡಿದ್ದೇನೆ. ಇಷ್ಟು ಚೊಕ್ಕವಾದ ಸಂಶೋಧನಾ ಪ್ರಶ್ನೆ ಕಿವಿಗೆ ಬಿದ್ದದ್ದು ಅಪರೂಪ. ಅದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ಒಂದು ಸೂಕ್ಷ್ಮದರ್ಶಕ, ಶಿಲೀಂಧ್ರ ಬೆಳೆಸಲು ಬೇಕಾದ ಅಗಾರ್ ಮತ್ತು ಪೆಟ್ರಿ ತಟ್ಟೆ, ತಿಂಗಳಿಗೆರಡು ಬಾರಿ ಮಲೆನಾಡಿಗೆ ಹೋಗಿಬರುವ ಬಸ್ ಖರ್ಚು, ಒಬ್ಬ ವಿದ್ಯಾರ್ಥಿಗೆ ಹೊಟ್ಟೆಪಾಡಿನಷ್ಟು ಸಂಬಳ. ಇವೆಲ್ಲ ಒಂದು ಪೂರ್ತಿ ವರ್ಷ, ಜೂನ್‌ನಿಂದ ಜೂನ್‌ವರೆಗೆ ಇರಬೇಕು. 2 ಲಕ್ಷ 40 ಸಾವಿರ ರೂಪಾಯಿಗೆ ಪ್ರಸ್ತಾವ ಬರೆದು ಸೆಪ್ಟೆಂಬರ್ ಮೊದಲ ವಾರದಲ್ಲಿ ವಿಶ್ವವಿದ್ಯಾಲಯದ ಆಂತರಿಕ ಸಂಶೋಧನಾ ನಿಧಿಗೆ ಸಲ್ಲಿಸಿದೆ.

ಸಮಿತಿಯಿಂದ ನವೆಂಬರ್‌ನಲ್ಲಿ ಬಂದ ಮೊದಲ ಆಕ್ಷೇಪ: “ಇದು ಕೃಷಿ ವಿಶ್ವವಿದ್ಯಾಲಯದ ಕೆಲಸವಲ್ಲವೇ?” ಶಿಲೀಂಧ್ರಕ್ಕೆ ಯಾವ ವಿಶ್ವವಿದ್ಯಾಲಯದ ವ್ಯಾಪ್ತಿ ಎಲ್ಲಿಯವರೆಗೆ ಎಂಬ ಅಧಿಸೂಚನೆ ತಲುಪಿಲ್ಲ ಎಂದು ಉತ್ತರ ಬರೆಯಬೇಕೆನಿಸಿತು, ಬರೆಯಲಿಲ್ಲ. ಶಿಲೀಂಧ್ರಶಾಸ್ತ್ರ ನಮ್ಮ ಸ್ನಾತಕೋತ್ತರ ಪಠ್ಯದಲ್ಲಿದೆ ಎಂದು ವಿನಯದಿಂದಲೇ ತಿಳಿಸಿದೆ. ಎರಡನೆಯ ಆಕ್ಷೇಪ ಡಿಸೆಂಬರ್‌ನಲ್ಲಿ ಬಂತು. ಪ್ರಸ್ತಾವದಲ್ಲಿ ‘ನಾವೀನ್ಯದ ಅಂಶ’ ಕಾಣುತ್ತಿಲ್ಲವಂತೆ. ಕೊನೆಗೆ 2023ರ ಫೆಬ್ರವರಿ ಮೂರನೆಯ ವಾರದಲ್ಲಿ 80,000 ರೂಪಾಯಿ ಮಂಜೂರಾಯಿತು. ಜೊತೆಗೆ ಒಂದು ಷರತ್ತು: ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು.

ಮಳೆಗಾಲದ ರೋಗವನ್ನು ಮಾರ್ಚ್‌ನ ಐದು ವಾರಗಳಲ್ಲಿ ಮುಗಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಎರಡು ಬಾರಿ ತೋಟಕ್ಕೆ ಹೋಗಿ ಒಣ ಸೋಗೆ ತಂದೆವು. ಕೆಲವು ತಟ್ಟೆಗಳಲ್ಲಿ ಬೆಳೆಸಿ ನೋಡಿದೆವು, ಕೊಲೆಟೋಟ್ರೈಕಮ್ ಶಿಲೀಂಧ್ರವನ್ನು ಹೋಲುವುದೊಂದು ಕಾಣಿಸಿತು. ಅದೇ ಎಲೆಚುಕ್ಕೆಯದೋ ಅಲ್ಲವೋ ಎಂದು ಖಚಿತಪಡಿಸಲು ಮುಂದಿನ ಮಳೆಗಾಲ ಬೇಕಾಗಿತ್ತು. ಮಿಕ್ಕ 61,300 ರೂಪಾಯಿ ಹಿಂದಿರುಗಿಸಿದೆ. ಏಪ್ರಿಲ್‌ನಲ್ಲಿ ನನಗೊಂದು ಜ್ಞಾಪನಾ ಪತ್ರ ಬಂತು. ಮಂಜೂರಾದ ಅನುದಾನವನ್ನು ಪೂರ್ಣವಾಗಿ ಬಳಸಿಕೊಳ್ಳದೇ ಇದ್ದುದಕ್ಕೆ ವಿವರಣೆ ನೀಡಬೇಕಂತೆ. ಅದೇ ವಾರ ಇನ್ನೊಂದು ವಿಭಾಗದವರು ಮಾರ್ಚ್ 29ರಂದು ಮೂರು ಕಂಪ್ಯೂಟರ್ ಮತ್ತು ಹನ್ನೆರಡು ಕುರ್ಚಿ ಕೊಂಡು ನೂರಕ್ಕೆ ನೂರು ಬಳಕೆ ಸಾಧಿಸಿದ್ದಕ್ಕೆ ಅಭಿನಂದನೆ ಪಡೆದರು. ಅವರ ಮೇಲೆ ನನಗೆ ಕೋಪವಿಲ್ಲ. ನಿಯಮ ಏನು ಕೇಳುತ್ತದೋ ಅದನ್ನು ಅವರು ಕೊಟ್ಟರು.

ನನ್ನ ದೂರು ಇಷ್ಟೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಏನನ್ನು ಸಂಶೋಧಿಸಬೇಕು ಎಂಬುದನ್ನು ಯಾರೂ ನಿರ್ಧರಿಸುತ್ತಿಲ್ಲ. ಹಣದ ಕ್ಯಾಲೆಂಡರ್ ನಿರ್ಧರಿಸುತ್ತಿದೆ, ಖರೀದಿಯ ಲೆಕ್ಕಶೀರ್ಷಿಕೆ ನಿರ್ಧರಿಸುತ್ತಿದೆ, ಆ ವರ್ಷ ದೆಹಲಿಯಲ್ಲಿ ಚಾಲ್ತಿಯಲ್ಲಿರುವ ಪದ ನಿರ್ಧರಿಸುತ್ತಿದೆ.

ಆದ್ಯತೆ ನಿಗದಿಯ ಸಭೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಂಶೋಧನಾ ಸಲಹಾ ಸಮಿತಿಯ ಕಾರ್ಯಸೂಚಿಯಲ್ಲಿ ಅದು 14ನೆಯ ವಿಷಯ. ಮೊದಲ ಹದಿಮೂರು ವಿಷಯಗಳು ನೋಂದಣಿ ವಿಸ್ತರಣೆ, ಶೀರ್ಷಿಕೆ ತಿದ್ದುಪಡಿ, ಮಾರ್ಗದರ್ಶಕರ ಬದಲಾವಣೆ. ಊಟದ ಹೊತ್ತಿಗೆ ಹನ್ನೊಂದನೆಯದು ಮುಗಿದಿತ್ತು. ಕೋಸಂಬರಿ, ಬಿಸಿಬೇಳೆಬಾತ್, ಚಿರೋಟಿ ಆದ ಮೇಲೆ ಕಣ್ಣೆಳೆಯುವ ಹೊತ್ತಿನಲ್ಲಿ ‘ಆದ್ಯತಾ ಕ್ಷೇತ್ರಗಳು’ ಬಂದವು. ಹಿಂದಿನ ವರ್ಷದ ಪಟ್ಟಿಯನ್ನೇ ತೆರೆಯ ಮೇಲೆ ತೋರಿಸಿದರು. ನ್ಯಾನೋ ತಂತ್ರಜ್ಞಾನ, ಸುಸ್ಥಿರ ಅಭಿವೃದ್ಧಿ, ಔಷಧೀಯ ಸಸ್ಯಗಳು, ಮಹಿಳಾ ಸಬಲೀಕರಣ. ಅಧ್ಯಕ್ಷರು “ಈ ಬಾರಿ ಕೃತಕ ಬುದ್ಧಿಮತ್ತೆಯನ್ನು ಸೇರಿಸಿಕೊಳ್ಳಿ” ಎಂದರು. ಸೇರಿಸಿಕೊಂಡರು. ಎಲ್ಲ ವಿಭಾಗಗಳಿಗೂ ಅನ್ವಯವಾಗುವಂತೆ ಎಂದು ಇನ್ನೊಬ್ಬರು ತಿದ್ದುಪಡಿ ಸೂಚಿಸಿದರು. ಗೋಡೆ ಗಡಿಯಾರದಲ್ಲಿ ನೋಡಿದೆ, ಒಟ್ಟು ಒಂಬತ್ತು ನಿಮಿಷ.

ಆ ಒಂಬತ್ತು ನಿಮಿಷದ ಫಲವನ್ನು ಜಾನಪದ ವಿಭಾಗದ ನನ್ನ ಗೆಳತಿ ಉಂಡರು. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ಕಥನಗೀತೆ ಹಾಡಬಲ್ಲ ಮೂವರು ಅಜ್ಜಿಯಂದಿರಿದ್ದರು. ಅವರ ಹಾಡನ್ನು ಧ್ವನಿಮುದ್ರಿಸಲು ಒಂದು ಒಳ್ಳೆಯ ರೆಕಾರ್ಡರ್, ಪ್ರಯಾಣ ವೆಚ್ಚ, ಅಜ್ಜಿಯರಿಗೆ ಸೀರೆ ಮತ್ತು ಗೌರವಧನ, ಇಷ್ಟಕ್ಕೆ ಅವರು ಹಣ ಕೇಳಿದ್ದರು. ಆದ್ಯತಾ ಕ್ಷೇತ್ರಕ್ಕೆ ಹೊಂದುವುದಿಲ್ಲ ಎಂದು ಪ್ರಸ್ತಾವ ಹಿಂದೆ ಬಂತು. ಮರುವರ್ಷ ಅದೇ ಪ್ರಸ್ತಾವದ ಶೀರ್ಷಿಕೆಯ ಮುಂದೆ ‘ಕೃತಕ ಬುದ್ಧಿಮತ್ತೆ ಆಧಾರಿತ’ ಎಂದು ಸೇರಿಸಿದರು. ಒಳಗೆ ಒಂದಕ್ಷರವನ್ನೂ ಬದಲಾಯಿಸಲಿಲ್ಲ. ಮಂಜೂರಾಯಿತು. ಹಣ ಕೈಸೇರುವ ಹೊತ್ತಿಗೆ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ನೆನಪು ಹೋಗಿತ್ತು.

ಮಾನ್ಯರೇ, ಈ ನೆಲದಲ್ಲಿ ಸಂಶೋಧನೆಯ ಆದ್ಯತೆ ಹೀಗೆಯೇ ನಿರ್ಧಾರವಾಗುತ್ತಿತ್ತು ಎಂದೇನೂ ಇಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಬಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಕಾಯಿಗಳು ಕಳಚಿ ಬೀಳುತ್ತಿದ್ದ ಕಾಲ ಅದು. ಬೆಳೆಗಾರರಿಗೆ ಗೊತ್ತಿದ್ದ ರಕ್ಷಣೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದು. ಕೋಲ್ಮನ್ ಅದನ್ನೇ ತಮ್ಮ ಪ್ರಶ್ನೆಯನ್ನಾಗಿ ಮಾಡಿಕೊಂಡರು. 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲಿನ ಅವರ ವರದಿ ಅಚ್ಚಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನು ಅವರು ಅಡಿಕೆ ಗೊನೆಗೆ ತಂದರು, ಮಳೆಗೆ ತೊಳೆದುಹೋಗದಂತೆ ಅಂಟು ಬೆರೆಸುವ ಉಪಾಯವನ್ನೂ ಮಾಡಿದರು. ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಕೊನೆಗೌಡ ಮರವೇರುವುದು ಅದನ್ನೇ ಹೊಡೆಯಲು. ಈಗ ಕೆಲವರು ದೋಟಿಯಲ್ಲಿ ನೆಲದಿಂದಲೇ ಹೊಡೆಯುತ್ತಾರೆ. ಕಾಫಿ ಗಿಡದ ಕರಿಕೊಳೆಗೆ ಕಾರಣವಾದ ಶಿಲೀಂಧ್ರಕ್ಕಂತೂ 19ನೆಯ ಶತಮಾನದಲ್ಲೇ ವಿಜ್ಞಾನಿಗಳು ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ ಹೆಸರುಗಳ ನಡುವೆ ನಮ್ಮ ತೋಟದ ಆಳು ಆಡುವ ಮಾತು ಹಾಗೆಯೇ ಕುಳಿತಿದೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಸ್ವಲ್ಪ ಹೆಚ್ಚೇ ಖುಷಿಯಾಗುತ್ತಿತ್ತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರ ಆಗಿನ್ನೂ ಐದು ವರ್ಷದ ಕೂಸು. ಅಲ್ಲಿಯ ವಿಜ್ಞಾನಿಗಳು ಬಂದರು, ಅದೇ ವರ್ಷ ವೈರಾಣುವನ್ನು ಪ್ರತ್ಯೇಕಿಸಿದರು, ಅದು ಉಣ್ಣಿಗಳಿಂದ ಹರಡುತ್ತದೆಂದು ಪತ್ತೆಹಚ್ಚಿದರು. ಯಾವ ‘ಆದ್ಯತಾ ಕ್ಷೇತ್ರ’ದ ಪಟ್ಟಿಯಲ್ಲೂ ಮಂಗ ಸಾಯುವುದು ಇರಲಿಲ್ಲ. ಇಂದು ಹಳೆಯ ಲಸಿಕೆಯ ಬಳಕೆ ನಿಂತಿದೆ, ಹೊಸದು ಪ್ರಯೋಗದ ಹಂತದಲ್ಲಿದೆ, ಮಂಗನ ಕಾಯಿಲೆ ಮಾತ್ರ ಪ್ರತಿ ಬೇಸಿಗೆ ತಪ್ಪದೆ ಬರುತ್ತದೆ. ಕಾಡಿನಲ್ಲಿ ಉಣ್ಣಿ ಹೆಕ್ಕಿ ಎಣಿಸುವ, ಯಾವ ತಿಂಗಳು ಎಲ್ಲಿ ಹೆಚ್ಚು ಎಂದು ವರ್ಷವರ್ಷವೂ ದಾಖಲಿಸುವ ಕೆಲಸಕ್ಕೆ ಪ್ರಾಣಿಶಾಸ್ತ್ರ ಓದಿದ ಹುಡುಗ ಹುಡುಗಿಯರು ಸಾಕು. ಅಂಥ ಕೆಲಸಕ್ಕೆ ಹತ್ತು ವರ್ಷ ಕದಲದೆ ನಿಲ್ಲುವ ಹಣ ನಮ್ಮಲ್ಲಿ ಯಾವ ಲೆಕ್ಕಶೀರ್ಷಿಕೆಯಲ್ಲಿದೆ?

ದೇಶದಲ್ಲಿ ಹಣದ ಮಾತಿಗೆ ಬರವಿಲ್ಲ. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಸುಮಾರು 36,000 ಕೋಟಿ ಉದ್ಯಮಗಳು, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಲೆಕ್ಕ. 2025ರಲ್ಲಿ ಸಂಶೋಧನೆ ಮತ್ತು ನಾವೀನ್ಯಕ್ಕೆಂದು ಒಂದು ಲಕ್ಷ ಕೋಟಿಯ ನಿಧಿಗೆ ಕೇಂದ್ರ ಸಂಪುಟ ಅನುಮೋದನೆ ನೀಡಿತು. ಅದು ಮುಖ್ಯವಾಗಿ ಖಾಸಗಿ ವಲಯಕ್ಕೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ. ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ತೆತ್ತು ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದಾರೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಿಂದೆ ಒಂದು ಲೇಖನಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಿ ನೆರಳಚ್ಚು ತರುತ್ತಿದ್ದ ತಲೆಮಾರಿನವಳು ನಾನು. ಈಗ ನಮ್ಮ ವಿದ್ಯಾರ್ಥಿನಿ ಜಗತ್ತಿನ ಯಾವುದೇ ಪ್ರಯೋಗದ ವಿವರವನ್ನು ಕೂತಲ್ಲೇ ಓದಬಲ್ಲಳು. ಅದನ್ನು ಮಾಡಿ ನೋಡಲು ಅಗಾರ್ ಪುಡಿಯನ್ನು ಸ್ವಂತ ದುಡ್ಡಿನಿಂದ ಕೊಳ್ಳುತ್ತಾಳೆ.

ಮಾತು ಇಷ್ಟಿದ್ದರೂ, 2020–21ರ ಲೆಕ್ಕದಂತೆ ದೇಶ ಸಂಶೋಧನೆಗೆ ವ್ಯಯಿಸಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ 0.64ರಷ್ಟು. ಅದರಲ್ಲಿ ದೊಡ್ಡ ಪಾಲು ಕೇಂದ್ರದ ದೊಡ್ಡ ಸಂಶೋಧನಾ ಸಂಸ್ಥೆಗಳದ್ದು. ರಾಜ್ಯ ವಿಶ್ವವಿದ್ಯಾಲಯಕ್ಕೆ ಹಿಂದೆ ಆಸರೆಯಾಗಿದ್ದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಿರು ಮತ್ತು ಬೃಹತ್ ಸಂಶೋಧನಾ ಯೋಜನೆಗಳು. ಕಿರು ಯೋಜನೆಯೆಂದರೆ ಪದವಿ ಕಾಲೇಜಿನ ಉಪನ್ಯಾಸಕರೂ ಕೇಳಬಹುದಾದ ಚಿಲ್ಲರೆ ಹಣ. ಅದರಲ್ಲಿ ಜಳ್ಳೂ ಇತ್ತು, ಒಪ್ಪುತ್ತೇನೆ. ನಾನೇ ಮೌಲ್ಯಮಾಪನ ಮಾಡಿದ ಒಂದು ವರದಿಯಲ್ಲಿ ಇನ್ನೊಂದು ಜಿಲ್ಲೆಯ ಹೆಸರು ಅಲ್ಲಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು. ಆದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕುಳಿತು ಸುತ್ತಲಿನ ಕೆರೆಯ ಪಾಚಿಯನ್ನು, ಶಾಸನವನ್ನು, ಸಂತೆಯ ಲೆಕ್ಕವನ್ನು ನೋಡಿದವರೂ ಅದೇ ಹಣದಲ್ಲಿ ನೋಡಿದರು. 12ನೆಯ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಆ ಒರತೆ ಬತ್ತಿತು. ಅದರ ಜಾಗವನ್ನು ರಾಜ್ಯ ತುಂಬಲಿಲ್ಲ. ರಾಜ್ಯದ ಅನುದಾನ ಸಂಬಳಕ್ಕೆ ಸರಿಹೋಗುತ್ತದೆ. ಪಿಂಚಣಿ ಕೊಡಲೂ ಪರದಾಡುವ ವಿಶ್ವವಿದ್ಯಾಲಯಗಳ ಸುದ್ದಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2022ರ ಬಜೆಟ್‌ನಲ್ಲಿ ಒಂದೇ ಉಸಿರಿನಲ್ಲಿ ಏಳು ಹೊಸ ವಿಶ್ವವಿದ್ಯಾಲಯ ಘೋಷಿಸಿ, 2025ರಲ್ಲಿ ಅವನ್ನು ಮುಚ್ಚಬೇಕೇ ಬೇಡವೇ ಎಂದು ಸಂಪುಟ ಉಪಸಮಿತಿ ಕುಳಿತುಕೊಳ್ಳುವ ರಾಜ್ಯ ನಮ್ಮದು. ಇದರ ನಡುವೆ ಸಂಶೋಧನೆಗೆ ಹಣ ಕೇಳುವುದು ಮದುವೆ ಮನೆಯಲ್ಲಿ ಪುಸ್ತಕ ಕೇಳಿದಂತೆ.

ಆದರೂ ಕೇಳುತ್ತಿದ್ದೇನೆ, ಏಕೆಂದರೆ ಹಣ ಬಂದಾಗಲೂ ನಾವು ಅದನ್ನು ಹೇಗೆ ಹಾಳುಮಾಡುತ್ತೇವೆ ಎಂಬುದನ್ನು ನೋಡಿದ್ದೇನೆ. ನಮ್ಮ ವಿಭಾಗದ ಪಡಸಾಲೆಯಲ್ಲಿ ಮೈನಸ್ 80 ಡಿಗ್ರಿಯ ಒಂದು ಡೀಪ್ ಫ್ರೀಜರ್ ಇದೆ. ಅದೂ ಒಂದು ಮಾರ್ಚ್‌ನ ಖರೀದಿ. ಖರೀದಿ ಆದೇಶದಲ್ಲಿ ಫ್ರೀಜರ್ ಇತ್ತು, ಸ್ಟೆಬಿಲೈಸರ್ ಇರಲಿಲ್ಲ. ಫ್ರೀಜರ್ ಎಂದರೆ ‘ವೈಜ್ಞಾನಿಕ ಉಪಕರಣ’. ಸ್ಟೆಬಿಲೈಸರ್ ‘ವಿದ್ಯುತ್ ಸಾಮಗ್ರಿ’, ಆದ್ದರಿಂದ ಎಂಜಿನಿಯರಿಂಗ್ ವಿಭಾಗದ ಲೆಕ್ಕಶೀರ್ಷಿಕೆಯಿಂದ ಬರಬೇಕು. ಕಡತ ಹದಿನಾಲ್ಕು ತಿಂಗಳು ಓಡಾಡಿತು. ಅಷ್ಟರಲ್ಲಿ ವಿದ್ಯುತ್ತಿನ ಏರಿಳಿತಕ್ಕೆ ಕಂಪ್ರೆಸರ್ ಸುಟ್ಟಿತು. ಮೂವರು ವಿದ್ಯಾರ್ಥಿಗಳು ಎರಡು ವರ್ಷ ಕೂಡಿಟ್ಟಿದ್ದ ಮಾದರಿಗಳು ಒಂದು ಶನಿವಾರ–ಭಾನುವಾರದಲ್ಲಿ ಕರಗಿ ಕೊಳೆತವು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಬಂದ ವಾಸನೆ ಇಂದಿಗೂ ಮೂಗಿನಲ್ಲಿದೆ. ವಾರ್ಷಿಕ ನಿರ್ವಹಣೆಗೆ ಲೆಕ್ಕಶೀರ್ಷಿಕೆಯೇ ಇಲ್ಲದ ಕಾರಣ ಅದು ಮತ್ತೆ ಓಡಲಿಲ್ಲ. ಈಗ ಅದರ ನೆತ್ತಿಯ ಮೇಲೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳಿವೆ. ಕಾಲೇಜು–ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಕಟ್ಟುಗಳನ್ನು ಕೆಳಗಿಳಿಸಿ, ಒರೆಸಿ, ಮೇಲೊಂದು ನಾಮಫಲಕ ಅಂಟಿಸುತ್ತಾರೆ.

ಇನ್ನು ಮನುಷ್ಯರ ವಿಷಯ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಶಿಷ್ಯವೇತನವಾದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಅದು ಸಿಕ್ಕವರಿಗೆ ಸಿಕ್ಕಿತು, ಸಂತೋಷ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ಎನ್‌ಇಟಿ) ಪಾಸಾಗದ ಸಂಶೋಧನಾರ್ಥಿಗೂ ತಿಂಗಳಿಗೆ 8,000 ರೂಪಾಯಿಯಾದರೂ ಇದೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಯಾವ ವೇತನವೂ ಇಲ್ಲದೆ, ತಾವೇ ಶುಲ್ಕ ಕಟ್ಟಿ ಸಂಶೋಧನೆ ಮಾಡುವವರಿದ್ದಾರೆ. ನನ್ನ ಪ್ರಯೋಗಾಲಯದ ಒಂದೇ ಮೇಜಿನ ಎರಡು ಬದಿಯಲ್ಲಿ 37,000 ಪಡೆಯುವವನೂ ಸೊನ್ನೆ ಪಡೆಯುವವಳೂ ಕುಳಿತಿದ್ದರು. ಆಕೆ ಸಂಜೆ ಐದಕ್ಕೆ ಕೈತೊಳೆದು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಪೆಟ್ರಿ ತಟ್ಟೆಗಳನ್ನು ಹತ್ತು ಹನ್ನೆರಡು ಬಾರಿ ತೊಳೆದು ಬಳಸುವುದನ್ನು ಅವಳಿಂದ ನಾನು ಕಲಿತೆ. ನಾನು ಕಂಡ ಅತ್ಯುತ್ತಮ ಶಿಲೀಂಧ್ರ ಚಿತ್ರಗಳನ್ನು ಪೆನ್ಸಿಲಿನಲ್ಲಿ ಬರೆದವಳು ಅವಳೇ. ಮೂರನೆಯ ವರ್ಷ ನೋಂದಣಿ ರದ್ದು ಮಾಡಿಸಿಕೊಂಡು ಹೋದಳು. ತಡೆಯುವ ಮಾತು ನನ್ನ ಬಾಯಿಗೆ ಬರಲಿಲ್ಲ.

ಇತ್ತ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳು ಎಂಬುದು ಯುಜಿಸಿಯ ಮಿತಿ. ಕಾಯಂ ಹುದ್ದೆಗಳು ಖಾಲಿ ಬಿದ್ದಷ್ಟೂ ಸಂಶೋಧನೆಯ ಸೀಟುಗಳೂ ಕರಗುತ್ತವೆ. ತರಗತಿ ನಡೆಸುತ್ತಿರುವ ಅತಿಥಿ ಉಪನ್ಯಾಸಕರು ಪಿಎಚ್.ಡಿ. ಪಡೆದವರಾದರೂ ಬಹುತೇಕ ಯೋಜನೆಗಳಿಗೆ ಅರ್ಜಿ ಹಾಕುವಂತಿಲ್ಲ. ಹತ್ತು ವರ್ಷ ಅದೇ ಪ್ರಯೋಗಾಲಯದಲ್ಲಿ ಪಾಠ ಮಾಡಿದವರನ್ನು ‘ಅತಿಥಿ’ ಎಂದು ಕರೆಯುವ ನಮ್ಮ ಆತಿಥ್ಯವೇ ವಿಚಿತ್ರ.

ಒಂದು ಆಕ್ಷೇಪ ನಿಮ್ಮಿಂದ ಬರಬಹುದು. ರೈತನ ಪ್ರಶ್ನೆ, ಜಿಲ್ಲೆಯ ಪ್ರಶ್ನೆ ಎನ್ನುತ್ತಾ ಈಕೆ ವಿಶ್ವವಿದ್ಯಾಲಯವನ್ನು ವಿಸ್ತರಣಾ ಕೇಂದ್ರ ಮಾಡಲು ಹೊರಟಿದ್ದಾಳೆ ಎಂದು. ಹಾಗಲ್ಲವೆಂದು ಹೇಳಲು ನನ್ನ ಗುಟ್ಟೊಂದನ್ನು ಬಿಚ್ಚಬೇಕು. ನಾನು ಪಿಎಚ್.ಡಿ. ಮಾಡಿದ್ದು ಪಶ್ಚಿಮ ಘಟ್ಟದ ಹಳ್ಳಗಳ ನೊರೆಯ ಮೇಲೆ. ಕಲ್ಲಿನ ಸಂದಿಯಲ್ಲಿ ಕಟ್ಟಿಕೊಳ್ಳುವ ಆ ನೊರೆಯನ್ನು ಚಮಚದಲ್ಲಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾಲ್ಕು ಕಾಲು ಚಾಚಿದ ನಕ್ಷತ್ರಗಳಂಥ, ಕುಡುಗೋಲಿನಂಥ, ಎಳ್ಳಿನ ಮೇಲೆ ದಾರ ಕಟ್ಟಿದಂಥ ಬೀಜಕಣಗಳು ಕಾಣುತ್ತವೆ. ನೀರಿಗೆ ಬಿದ್ದ ಎಲೆಯನ್ನು ಕೊಳೆಸಿ, ಹುಳುಹುಪ್ಪಟೆಗೆ ತಿನ್ನಲು ಹದ ಮಾಡಿಕೊಡುವ ಶಿಲೀಂಧ್ರಗಳು ಅವು. 1942ರಲ್ಲಿ ಇಂಗೋಲ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಇವುಗಳ ಬಗ್ಗೆ ಮೊದಲು ಗಂಭೀರವಾಗಿ ಬರೆದರು. ಇದರಿಂದ ಏನು ಉಪಯೋಗ ಎಂದು ಆಯ್ಕೆ ಸಮಿತಿಯಲ್ಲಿ ಕೇಳಿದ್ದರು. ತತ್‌ಕ್ಷಣಕ್ಕೆ ಏನೂ ಇಲ್ಲ ಎಂದಿದ್ದೆ. ಆದರೂ ಆ ಕಾಲದಲ್ಲಿ ಐದು ವರ್ಷ ನನಗೆ ಶಿಷ್ಯವೇತನ ಬಂತು. ಆ ನೊರೆಯನ್ನು ನೋಡಿ ಪಳಗಿದ ಕಣ್ಣಿನಿಂದಲೇ ನಾನು ಆ ರೈತರ ಸೋಗೆಯ ಚುಕ್ಕೆಯನ್ನು ನೋಡಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿಯಲು ಐದು ದಶಕ ಹಿಡಿಯಿತು. ಇಂದಿನ ಮೂರು ವರ್ಷದ ಯೋಜನೆ, ತ್ರೈಮಾಸಿಕ ಪ್ರಗತಿ ವರದಿಯ ಚೌಕಟ್ಟಿನಲ್ಲಿ ಅದು ‘ಕ’ ಅಕ್ಷರವನ್ನೂ ದಾಟುತ್ತಿರಲಿಲ್ಲ. ಆದ್ದರಿಂದ ಉಪಯೋಗದ ಪ್ರಶ್ನೆಗೂ ಉಪಯೋಗವಿಲ್ಲದ ಪ್ರಶ್ನೆಗೂ ಪಾಲು ಕೇಳುತ್ತಿದ್ದೇನೆ. ಎರಡೂ ಅಲ್ಲದ, ಪ್ರಶ್ನೆಯೇ ಇಲ್ಲದ ಸಂಶೋಧನೆಯ ಬಗ್ಗೆ ಮಾತ್ರ ನನ್ನ ತಕರಾರು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದು ಮತ್ತು ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಲೆಂಡರ್. ಆಂತರಿಕ ಸಂಶೋಧನಾ ನಿಧಿಯ ಹಣ ಮೇ ತಿಂಗಳೊಳಗೆ ಸಂಶೋಧಕರ ಕೈಸೇರಲಿ. ಮಾರ್ಚ್ 31ಕ್ಕೆ ಉಳಿದದ್ದು ಮುಂದಿನ ವರ್ಷಕ್ಕೆ ತಾನಾಗಿಯೇ ಮುಂದುವರಿಯಲಿ. ಕೇಂದ್ರದ ಹಣಕ್ಕೆ ಕೇಂದ್ರದ ನಿಯಮಗಳಿವೆ, ಗೊತ್ತು. ಆದರೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕದಿಂದ ಬಂದ ವಿಶ್ವವಿದ್ಯಾಲಯದ ಸ್ವಂತ ಹಣಕ್ಕೆ ಸಿಂಡಿಕೇಟ್ ಒಂದು ನಿರ್ಣಯ ಮಾಡಿದರೆ ಸಾಕು. ಆ ಸ್ವಂತ ಆದಾಯದ ನೂರರಲ್ಲಿ ಎರಡು ಪಾಲನ್ನು ಕಿರು ಅನುದಾನಕ್ಕೆ ಎತ್ತಿಡಿ. ಐವತ್ತು ಸಾವಿರದಿಂದ ಮೂರು ಲಕ್ಷದವರೆಗಿನ ಯೋಜನೆಗಳು, ಎರಡು ಮುಂಗಾರುಗಳನ್ನು ಕಾಣುವಷ್ಟು ಅವಧಿ. ಅದಕ್ಕೆ ಅತಿಥಿ ಉಪನ್ಯಾಸಕರೂ ಪದವಿ ಕಾಲೇಜಿನವರೂ ಅರ್ಜಿ ಹಾಕುವಂತಿರಲಿ. ಅದರ ಮೂರನೆಯ ಒಂದು ಭಾಗ ನೊರೆಯಂಥ ವಿಷಯಗಳಿಗೆ ಮೀಸಲಿರಲಿ.

ಆದ್ಯತೆಯನ್ನು ಊಟದ ನಂತರ ಒಂಬತ್ತು ನಿಮಿಷದಲ್ಲಿ ನಿರ್ಧರಿಸಬೇಡಿ. ವರ್ಷಕ್ಕೊಮ್ಮೆ ಒಂದು ಇಡೀ ದಿನ ಕೊಡಿ. ಜಿಲ್ಲಾ ಆಸ್ಪತ್ರೆಯ ವೈದ್ಯರು, ಬೆಳೆಗಾರರು, ನೇಕಾರರು, ಶಾಲಾ ಶಿಕ್ಷಕರು, ಅರಣ್ಯ ರಕ್ಷಕರು ಬಂದು ತಮಗೆ ಉತ್ತರ ಸಿಗದ ಪ್ರಶ್ನೆಗಳನ್ನು ಹೇಳಲಿ. ಅದಕ್ಕೆ ಶಾಮಿಯಾನ, ಹಾರ, ಉದ್ಘಾಟನೆ ಯಾವುದೂ ಬೇಡ. ಆ ಪ್ರಶ್ನೆಗಳನ್ನೂ, ಯಾರಿಗೆ ಎಷ್ಟು ಹಣ ಕೊಟ್ಟಿರಿ ಎಂಬುದನ್ನೂ, ಕೊಡದಿದ್ದರೆ ಕಾರಣವನ್ನೂ ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ‘ನಾವೀನ್ಯದ ಅಂಶ ಕಾಣುತ್ತಿಲ್ಲ’ ಎಂದು ಬರೆದ ಸದಸ್ಯರು ಮುಂದಿನ ಬಾರಿ ಎರಡು ವಾಕ್ಯ ಹೆಚ್ಚಿಗೆ ಬರೆಯುತ್ತಾರೆ.

ಕೇಂದ್ರದ ಯೋಜನೆಗಳ ಜೊತೆಗೆ ಸಂಸ್ಥೆಯ ಸೌಲಭ್ಯಗಳ ಬಳಕೆಗೆಂದು ಬರುವ ಸಾಂಸ್ಥಿಕ ವೆಚ್ಚದ ಹಣ ಇಂದು ಸಾಮಾನ್ಯ ಖಾತೆಯಲ್ಲಿ ಮುಳುಗಿ ಕಾಣೆಯಾಗುತ್ತದೆ. ಅದರಲ್ಲಿ ಅರ್ಧವನ್ನು ಯೋಜನೆ ತಂದ ವಿಭಾಗಕ್ಕೇ ಬಿಡಿ, ಸ್ಟೆಬಿಲೈಸರ್ ಕೊಳ್ಳಲಿಕ್ಕೆ, ನಿರ್ವಹಣೆಗೆ, ಒಬ್ಬ ತಂತ್ರಜ್ಞನಿಗೆ. ನಡೆಸುವವರಿಲ್ಲದ ಯಂತ್ರದ ಖರೀದಿಗೆ ಸಹಿ ಹಾಕಬೇಡಿ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರವೇ ತನ್ನ ಸಂಶೋಧನಾ ಸಂಸ್ಥೆಗಳಿಗೆ ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಖರೀದಿಯ ಬಿಗಿಯನ್ನು ಸಡಿಲಿಸಿತು. ರಾಜ್ಯದ ಪಾರದರ್ಶಕ ಖರೀದಿ ನಿಯಮಗಳಲ್ಲೂ ಪ್ರಯೋಗಾಲಯದ ರಾಸಾಯನಿಕಕ್ಕೂ ಕಚೇರಿಯ ಕುರ್ಚಿಗೂ ಇರುವ ವ್ಯತ್ಯಾಸವನ್ನು ಗುರುತಿಸುವಂತೆ ಸಚಿವರು ಹಣಕಾಸು ಇಲಾಖೆಯೊಂದಿಗೆ ಮಾತನಾಡಬೇಕೆಂದು ಕೋರುತ್ತೇನೆ. ಮತ್ತು ಬೇರೆ ಯಾವ ವೇತನವೂ ಇಲ್ಲದ ಪೂರ್ಣಾವಧಿ ಸಂಶೋಧನಾರ್ಥಿಗೆ, ಎಷ್ಟೇ ಸಣ್ಣದಿರಲಿ, ಪ್ರತಿ ತಿಂಗಳ ಐದನೆಯ ತಾರೀಖಿನಂದು ತಪ್ಪದೆ ಬರುವ ಒಂದು ಮೊತ್ತ ಬೇಕು. ಹನ್ನೊಂದು ತಿಂಗಳ ಬಾಕಿಯನ್ನು ಒಟ್ಟಿಗೆ ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳುವ ಪದ್ಧತಿ ಬೇಡ.

ಆ ರೈತರು ಆಮೇಲೆ ಎರಡು ಬಾರಿ ಪತ್ರ ಬರೆದರು. ಎರಡನೆಯದರ ಜೊತೆ ಒಂದು ಲಕೋಟೆಯಲ್ಲಿ ಬೇಸಿಗೆಯ ಒಣ ಸೋಗೆಯ ಚೂರುಗಳಿದ್ದವು. ಪ್ರತಿಯೊಂದಕ್ಕೂ ತೋಟದ ಯಾವ ಮೂಲೆಯದು, ಯಾವ ತಾರೀಖಿನದು ಎಂದು ನೀಲಿ ಶಾಯಿಯಲ್ಲಿ ಚೀಟಿ ಅಂಟಿಸಿದ್ದರು. ಫೆಬ್ರವರಿಯಿಂದ ಮೇವರೆಗೆ, ಹದಿನೈದು ದಿನಕ್ಕೊಂದರಂತೆ, ಒಟ್ಟು ಎಂಟು. ನಮ್ಮ ಸಮಿತಿ ಕೊಡದ ವರ್ಷವನ್ನು ಅವರೇ ಕೊಟ್ಟಿದ್ದರು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ, ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿಯಾಗಿತ್ತು. ಲಕೋಟೆ ನನ್ನ ಮನೆಯ ಕಪಾಟಿನಲ್ಲಿದೆ. ನಿಮ್ಮಲ್ಲಿ ಯಾವ ವಿಶ್ವವಿದ್ಯಾಲಯದವರು ಕೇಳಿದರೂ, ಎಂಟು ಚೀಟಿಗಳ ಸಮೇತ, ನಾನೇ ತಂದುಕೊಡುತ್ತೇನೆ. ಮುಂಗಾರಿಗೆ ಮುಂಚೆ ತಿಳಿಸಿದರೆ ಒಳ್ಳೆಯದು.

ವಂದನೆಗಳೊಂದಿಗೆ,
ಸಸ್ಯಶಾಸ್ತ್ರದ ಒಬ್ಬ ನಿವೃತ್ತ ಪ್ರಾಧ್ಯಾಪಕಿ